‘ನಾ ಹೋಂಜಾ ಸಾಂದಾ’: ಒಬ್ಬರೇ ಇರುವವರ ಮನೆಯಲ್ಲಿ ಕ್ಯಾಮೆರಾ ಏನನ್ನು ನೋಡುತ್ತದೆ?

ಹಿತ್ತಿಲ ಬಾಗಿಲು ಬರೆದಿದ್ದಾರೆ:

ಕೊರಿಯಾದ ಎಂಬಿಸಿ ವಾಹಿನಿ ಪ್ರತಿ ಶುಕ್ರವಾರ ತಡರಾತ್ರಿ ಪ್ರಸಾರ ಮಾಡುವ ‘ನಾ ಹೋಂಜಾ ಸಾಂದಾ’ ಎಂಬ ಕಾರ್ಯಕ್ರಮವನ್ನು ನಾನು ನಾಲ್ಕು ವರ್ಷಗಳಿಂದ ತಪ್ಪದೆ ನೋಡುತ್ತ ಬಂದಿದ್ದೇನೆ. ಕೊರಿಯನ್ ಧಾರಾವಾಹಿಗಳ ಬಗ್ಗೆ ಇಲ್ಲಿ ಬೇಕಾದಷ್ಟು ಚರ್ಚೆಯಾಗಿದೆ. ಆದರೆ ಒಬ್ಬರೇ ಮನೆ ಮಾಡಿಕೊಂಡಿರುವ ನಟರು, ಗಾಯಕರು, ಹಾಸ್ಯ ಕಲಾವಿದರು ಬೆಳಿಗ್ಗೆ ಎದ್ದು ರಾತ್ರಿ ಮಲಗುವವರೆಗೆ ಏನೇನು ಮಾಡುತ್ತಾರೆಂದು ತೋರಿಸುವ ಈ ಕಾರ್ಯಕ್ರಮದ ಬಗ್ಗೆ ಯಾರೂ ಬರೆದದ್ದನ್ನು ನಾನು ನೋಡಿಲ್ಲ. ಹಾಗಾಗಿ ನಾನೇ ಆರಂಭಿಸುತ್ತಿದ್ದೇನೆ.

ಮೊದಲು ಹೆಸರಿನ ಮಾತು. ಕೊರಿಯನ್ನಿನ ‘ನಾ’ ಮತ್ತು ನಮ್ಮ ‘ನಾ’ ಎರಡಕ್ಕೂ ಅರ್ಥ ಒಂದೇ. ಇದು ಬರಿಯ ಆಕಸ್ಮಿಕವೇ ಇರಬಹುದು, ಆದರೂ ಮೊದಲ ಸಲ ತಿಳಿದಾಗ ನನಗೆ ತುಂಬ ಸಂತೋಷವಾಗಿತ್ತು. ‘ಸಾಂದಾ’ ಎಂದರೆ ಬದುಕುತ್ತೇನೆ ಎಂದೂ ಆಗುತ್ತದೆ, ವಾಸವಾಗಿದ್ದೇನೆ ಎಂದೂ ಆಗುತ್ತದೆ. ನಮ್ಮ ‘ಇದ್ದೇನೆ’ ಅದಕ್ಕೆ ಹತ್ತಿರದ ಮಾತು. ತೊಡಕಿರುವುದು ನಡುವಿನ ‘ಹೋಂಜಾ’ದಲ್ಲಿ. ಆ ಪದದಲ್ಲಿ ಹೆಣ್ಣು ಗಂಡು ಎಂಬ ಭೇದವಿಲ್ಲ. ಕನ್ನಡದಲ್ಲಿ ಹೇಳಹೊರಟರೆ ‘ಒಬ್ಬನೇ’ ಎನ್ನಬೇಕು, ಇಲ್ಲವೇ ‘ಒಬ್ಬಳೇ’ ಎನ್ನಬೇಕು. ‘ಅವನು ಒಬ್ಬನೇ ಇದ್ದಾನೆ’ ಎಂದಾಗ ನಮ್ಮವರು ಊಟಕ್ಕೇನು ಮಾಡುತ್ತಾನೋ ಎಂದು ಮರುಗುತ್ತಾರೆ. ‘ಅವಳು ಒಬ್ಬಳೇ ಇದ್ದಾಳೆ’ ಎಂದಾಗ ಯಾಕೆ ಎಂದು ಕೇಳುತ್ತಾರೆ. ಶಿರಸಿಯ ಮನೆ ಬಿಟ್ಟು ಪುಣೆಯಲ್ಲಿ ಒಬ್ಬಳೇ ಇರಲು ಆರಂಭಿಸಿದ ಮೇಲೆ ಈ ಎರಡನೆಯ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ನಾನು ದಣಿದಿದ್ದೇನೆ. ಈ ಕಾರ್ಯಕ್ರಮ ನನ್ನನ್ನು ಹಿಡಿದು ನಿಲ್ಲಿಸಿದ್ದಕ್ಕೆ ಅದೇ ಕಾರಣವೆಂದು ತೋರುತ್ತದೆ.

ವಿಚಿತ್ರವೆಂದರೆ ಈ ಭೇದ ಕಾರ್ಯಕ್ರಮದ ಹುಟ್ಟಿನಲ್ಲಿಯೂ ಇತ್ತು. 2013ರ ಫೆಬ್ರುವರಿಯಲ್ಲಿ, ಕೊರಿಯನ್ನರ ಚಾಂದ್ರಮಾನ ಹೊಸವರ್ಷದ ವಿಶೇಷವಾಗಿ ಪ್ರಯೋಗಾರ್ಥ ಒಂದು ಕಂತು ಪ್ರಸಾರವಾದಾಗ ಅದರ ಹೆಸರು ‘ಗಂಡಸು ಒಬ್ಬನೇ ಇರುವಾಗ’ ಎಂಬ ಅರ್ಥದ್ದಾಗಿತ್ತು. ಇಡೀ ದೇಶ ಅಪ್ಪ ಅಮ್ಮನ ಮನೆಗೆ ಹೋಗಿ ಕುಳಿತಿರುವ ಹಬ್ಬದ ದಿನ ಒಂಟಿಯಾಗಿ ಉಳಿದ ಗಂಡಸರನ್ನು ತೋರಿಸಬೇಕೆಂದು ಯಾರಿಗೆ ಹೊಳೆಯಿತೋ ಅವರಿಗೆ ಮನುಷ್ಯರ ಮನಸ್ಸು ಚೆನ್ನಾಗಿ ಗೊತ್ತಿತ್ತು. ಮಾರ್ಚ್ 22ರಿಂದ ಅದು ಈಗಿನ ಹೆಸರಿನಲ್ಲಿ ವಾರದ ಕಾರ್ಯಕ್ರಮವಾಯಿತು. ಆಗಿನ ಆರು ಜನರೂ ಗಂಡಸರೇ: ನೋ ಹಾಂಗ್‌ಚಲ್, ಕಿಮ್ ಕ್ವಾಂಗ್‌ಗ್ಯು, ಡೆಫ್‌ಕಾನ್, ಕಿಮ್ ತೇವಾನ್, ಲೀ ಸಂಗ್‌ಜೇ, ಸೋ ಇನ್‌ಗುಕ್. ಇವರಲ್ಲಿ ಸಂಗೀತಗಾರ ಕಿಮ್ ತೇವಾನ್ ಮತ್ತು ನಟ ಲೀ ಸಂಗ್‌ಜೇ ಅವಿವಾಹಿತರಲ್ಲ. ಹೆಂಡತಿ ಮಕ್ಕಳು ವಿದೇಶದಲ್ಲಿದ್ದು, ತಾವು ಕೊರಿಯಾದಲ್ಲಿ ದುಡಿಯುತ್ತ ಉಳಿದ ತಂದೆಯರು. ಇಂಥವರನ್ನು ಅಲ್ಲಿ ‘ಕಿರೊಗಿ ಆಪ್ಪಾ’, ಅಂದರೆ ಕಾಡುಬಾತಿನ ಅಪ್ಪ ಎನ್ನುತ್ತಾರೆ. ಋತು ನೋಡಿ ಹಾರಿ ಹೋಗಿ ಮರಿಗಳನ್ನು ನೋಡಿ ಬರುವವರು ಎಂಬ ಭಾವದಲ್ಲಿ.

ನನ್ನ ಅಭಿಪ್ರಾಯವನ್ನು ನೇರವಾಗಿ ಇಡುತ್ತೇನೆ, ಒಪ್ಪದವರು ಖಂಡಿತವಾಗಿ ಬರೆಯಬೇಕು. ಈ ಕಾರ್ಯಕ್ರಮ ಅತ್ಯುತ್ತಮವಾಗಿರುವುದು ಒಬ್ಬ ವ್ಯಕ್ತಿ ತನ್ನ ಮನೆಯಲ್ಲಿ ಕೈಯಾರೆ ಕೆಲಸ ಮಾಡಿಕೊಳ್ಳುವಾಗ: ಬಟ್ಟೆ ಒಣಹಾಕುವಾಗ, ಫ್ರಿಜ್ಜಿನ ಮುಂದೆ ನಿಂತು ಯೋಚಿಸುವಾಗ, ಒಂದೇ ತಟ್ಟೆ ತೊಳೆದು ಬೋರಲು ಹಾಕುವಾಗ. ಹತ್ತು ಜನ ಸೇರಿ ಪ್ರವಾಸ, ಪಾರ್ಟಿ, ಉಡುಗೊರೆ ಎಂದು ಹೊರಟ ಕಂತುಗಳಲ್ಲಿ ಹೆಸರು ಮಾತ್ರ ಉಳಿದು ವಸ್ತು ಕಳೆದುಹೋಗಿರುತ್ತದೆ.

ಎರಡನೇ ಮಹಡಿ ಬರೆದಿದ್ದಾರೆ:

ನೀವು ಕೈಕೆಲಸ ಎಂದಿರಿ. ನನಗೆ ಇದು ಮೊದಲಿನಿಂದಲೂ ಮನೆಗಳ ಕಾರ್ಯಕ್ರಮವಾಗಿಯೇ ಕಂಡಿದೆ. ಯಾರ ಮನೆಯ ಬಾಗಿಲು ತೆರೆದರೂ ನನ್ನ ಕಣ್ಣು ಮೊದಲು ಹೋಗುವುದು ಕಿಟಕಿ ಎಷ್ಟು ದೊಡ್ಡದು, ಬಿಸಿಲು ಬರುತ್ತದೆಯೇ, ಅಡುಗೆಮನೆ ಬೇರೆ ಇದೆಯೇ ಎಂಬುದರ ಕಡೆಗೆ.

ಆಗ ರೋಸ್ ಮೋಟೆಲ್ ತಂಡದ ಗಾಯಕರಾಗಿದ್ದ ಯುಕ್ ಜುಂಗ್‌ವಾನ್ ಅವರ ಹಳೆಯ ಕಂತುಗಳನ್ನು ನೋಡದವರು ದಯವಿಟ್ಟು ನೋಡಬೇಕು. ಅವರು ಸಿಯೋಲ್‌ನ ಮಾಂಗ್‌ವಾನ್ ಬಡಾವಣೆಯಲ್ಲಿ ಓಕ್‌ತಪ್‌ಬಾಂಗ್‌ನಲ್ಲಿದ್ದರು. ಅಂದರೆ ಕಟ್ಟಡದ ತಾರಸಿಯ ಮೇಲೆ ಎಬ್ಬಿಸಿದ ಕೋಣೆ; ಬೇಸಿಗೆಯಲ್ಲಿ ಕಾದ ಹಂಚು, ಚಳಿಗಾಲದಲ್ಲಿ ಮಂಜುಗಡ್ಡೆ, ಆದರೆ ಬಾಗಿಲು ತೆಗೆದರೆ ತಾರಸಿಯೆಲ್ಲ ನಿಮ್ಮದೇ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಶೀಟು ಹೊದೆಸಿದ ತಾರಸಿ ಕೋಣೆಯಲ್ಲಿ ಮೂರು ವರ್ಷ ಕಳೆದವನಾದ ನನಗೆ ಅದನ್ನು ಯಾರೂ ವಿವರಿಸಬೇಕಾಗಲಿಲ್ಲ. ಅವರು ಕೆಳಗಿಳಿದು ಮಾಂಗ್‌ವಾನ್ ಮಾರುಕಟ್ಟೆಗೆ ಹೋಗಿ ಏನಾದರೂ ಕೊಂಡು ತಿನ್ನುತ್ತ ಬರುತ್ತಿದ್ದ ದೃಶ್ಯಗಳಿಂದ ಆ ಸಾಧಾರಣ ಸಂತೆಗೆ ಹೊರಗಿನ ಜನ ಹುಡುಕಿಕೊಂಡು ಬರುವಂತಾಯಿತು.

ಇನ್ನೊಂದು ವಿಷಯ ಕನ್ನಡಿಗರಿಗೆ ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆಂದು ನನ್ನ ನಂಬಿಕೆ. ಕೊರಿಯಾದಲ್ಲಿ ‘ಜ್ಯೋನ್ಸೆ’ ಎಂಬ ಪದ್ಧತಿಯಿದೆ: ತಿಂಗಳ ಬಾಡಿಗೆ ಇಲ್ಲ, ಆದರೆ ಮನೆಯ ಬೆಲೆಯ ಅರ್ಧಕ್ಕೂ ಮಿಕ್ಕಿದ ಮೊತ್ತವನ್ನು ಒಮ್ಮೆಲೇ ಮಾಲೀಕನ ಕೈಗಿಡಬೇಕು, ಸಾಮಾನ್ಯವಾಗಿ ಎರಡು ವರ್ಷದ ಕರಾರು ಮುಗಿದ ಮೇಲೆ ಅಷ್ಟೂ ಹಣ ವಾಪಸ್ಸು. ಇಂಗ್ಲಿಷಿನಲ್ಲಿ ಇದನ್ನು ವಿವರಿಸಲು ಪುಟಗಟ್ಟಲೆ ಬರೆಯುತ್ತಾರೆ. ನಮಗೆ ‘ಭೋಗ್ಯಕ್ಕೆ ಮನೆ’ ಎಂದರೆ ಮುಗಿಯಿತು. ಇದರ ಅಪಾಯವೂ ಎರಡೂ ಕಡೆ ಒಂದೇ: ಮಾಲೀಕ ಆ ಮನೆಯನ್ನು ಮೊದಲೇ ಬ್ಯಾಂಕಿಗೆ ಅಡವಿಟ್ಟಿದ್ದರೆ ಕೊಟ್ಟವರ ಹಣ ಹೋದಂತೆಯೇ. ನಮ್ಮ ತಂದೆ ಹದಿನಾಲ್ಕು ವರ್ಷದ ಉಳಿತಾಯವನ್ನು ಹಾಗೆ ಭೋಗ್ಯಕ್ಕೆ ಕೊಟ್ಟು, ಬಾಗಿಲಿಗೆ ಬ್ಯಾಂಕಿನ ನೋಟೀಸು ಅಂಟಿಸಿದ ದಿನ ಮೆಟ್ಟಿಲ ಮೇಲೆ ಕುಳಿತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೊದಲ ಆರು ಜನರಲ್ಲಿ ಒಬ್ಬರಾದ ನಟ ಕಿಮ್ ಕ್ವಾಂಗ್‌ಗ್ಯು ಕೂಡ ಜ್ಯೋನ್ಸೆ ಹಣವನ್ನು ವಂಚನೆಯಲ್ಲಿ ಕಳೆದುಕೊಂಡವರು. ಅದನ್ನು ಅವರು ಸಾರ್ವಜನಿಕವಾಗಿ ಹೇಳಿಕೊಂಡಿದ್ದಾರೆ. 2020ರಲ್ಲಿ ಇನ್ನೊಂದು ವಾಹಿನಿಯ ಪ್ರಶಸ್ತಿ ಸಮಾರಂಭದ ವೇದಿಕೆಯ ಮೇಲೆ ನಿಂತು, ಅಪಾರ್ಟ್‌ಮೆಂಟುಗಳ ಬೆಲೆಯನ್ನು ಯಾರಾದರೂ ಹಿಡಿದು ನಿಲ್ಲಿಸಬೇಕೆಂದು ಬೇಡಿಕೊಂಡವರೂ ಅವರೇ. ಮುಂದೆ ಇಂಥ ವಂಚನೆಗಳು ಎಷ್ಟು ಹೆಚ್ಚಿದವೆಂದರೆ 2023ರ ಮೇ ತಿಂಗಳಲ್ಲಿ ಕೊರಿಯಾದ ಸಂಸತ್ತು ಸಂತ್ರಸ್ತರಿಗಾಗಿ ವಿಶೇಷ ಕಾನೂನನ್ನೇ ಮಾಡಬೇಕಾಯಿತು. ಐವತ್ತರ ಆಸುಪಾಸಿನ ಗಂಡಸೊಬ್ಬ ಒಬ್ಬನೇ ಇರುವುದಕ್ಕೆ ಕಾರಣ ಯಾವಾಗಲೂ ಅವನ ಸ್ವಭಾವವೇ ಆಗಿರುವುದಿಲ್ಲ, ಅವನ ಮನೆಯ ಕರಾರುಪತ್ರವೂ ಆಗಿರಬಹುದು.

ಕತ್ತರಿ ಕೆಲಸ ಬರೆದಿದ್ದಾರೆ:

ನಾನು ಬೆಂಗಳೂರಿನಲ್ಲಿ ಟಿವಿ ಕಾರ್ಯಕ್ರಮಗಳ ಸಂಕಲನ ಮಾಡುವವನು. ಆದ್ದರಿಂದ ನಾನು ಇದನ್ನು ನೋಡುವುದೇ ಬೇರೆ ಬಗೆಯಲ್ಲಿ.

ಈ ಬಗೆಯನ್ನು ಕೊರಿಯನ್ನರು ‘ಕ್ವಾಂಚಾಲ್’ ಕಾರ್ಯಕ್ರಮ, ಅಂದರೆ ವೀಕ್ಷಣೆಯ ಕಾರ್ಯಕ್ರಮ ಎನ್ನುತ್ತಾರೆ. ಮನೆಯ ಮೂಲೆಮೂಲೆಗೆ ಸಣ್ಣ ಕ್ಯಾಮೆರಾಗಳನ್ನು ಅಂಟಿಸುತ್ತಾರೆ. ಛಾಯಾಗ್ರಾಹಕರು ಕಣ್ಣಿಗೆ ಬೀಳದಂತೆ ಮರೆಯಲ್ಲಿರುತ್ತಾರೆ. ಆಮೇಲೆ ಆ ವ್ಯಕ್ತಿಯನ್ನು ಕೂರಿಸಿಕೊಂಡು ಪ್ರತ್ಯೇಕ ಸಂದರ್ಶನ. ಕೊನೆಗೆ ಸ್ಟುಡಿಯೋದಲ್ಲಿ ಇತರ ಸದಸ್ಯರೆಲ್ಲ ಸೇರಿ, ಅದೇ ವ್ಯಕ್ತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಡೀ ದೃಶ್ಯವನ್ನು ನೋಡುತ್ತ ಮಾತಾಡುತ್ತಾರೆ. ಅಂದರೆ ನಾವು ಒಂದೇ ದಿನವನ್ನು ಮೂರು ಸಲ ನೋಡುತ್ತೇವೆ: ಬದುಕಿದಂತೆ, ನೆನೆಸಿಕೊಂಡಂತೆ, ಮತ್ತು ಸ್ನೇಹಿತರ ಕಣ್ಣಿಗೆ ಬಿದ್ದಂತೆ. ಇವುಗಳ ಮೇಲೆ ದಪ್ಪ ದಪ್ಪ ಬಣ್ಣದ ಅಕ್ಷರಗಳ ಬರಹ ಬೇರೆ. ಒಬ್ಬ ನಟ ಸುಮ್ಮನೆ ಗೋಡೆ ನೋಡುತ್ತ ಕುಳಿತರೆ ಆ ಮೌನವನ್ನು ಹಾಗೆಯೇ ಬಿಡಲು ಧೈರ್ಯ ಬೇಕು. ಇವರು ಅಲ್ಲಿಗೆ ಎರಡು ಪದ ಬರೆದು, ಒಂದು ಹಾಡಿನ ತುಣುಕು ಹಾಕಿ, ಸ್ಟುಡಿಯೋದವರ ನಗುವನ್ನು ಸೇರಿಸುತ್ತಾರೆ. ಬಿಗ್ ಬಾಸ್‌ನಂಥ ಕಾರ್ಯಕ್ರಮದಲ್ಲಿ ಅಪರಿಚಿತರನ್ನು ಒಂದೇ ಮನೆಯೊಳಗೆ ಹಾಕಿ ಜಗಳಕ್ಕಾಗಿ ಕಾಯುತ್ತೇವೆ. ಇಲ್ಲಿ ಜಗಳವಾಡಲು ಇನ್ನೊಬ್ಬರೇ ಇಲ್ಲ, ಹಾಗಾಗಿ ಕಥೆಯನ್ನು ಕಟ್ಟುವ ಭಾರವೆಲ್ಲ ಸಂಕಲನದ ಮೇಜಿನ ಮೇಲೆ ಬೀಳುತ್ತದೆ.

ಆ ಸ್ಟುಡಿಯೋದಲ್ಲಿ ಒಂದು ದೊಡ್ಡ ಬೊಂಬೆ ಕರಡಿ ಕುಳಿತಿರುತ್ತದೆ, ಹೆಸರು ವಿಲ್ಸನ್. ನಿರ್ಜನ ದ್ವೀಪದಲ್ಲಿ ಸಿಲುಕಿದವನೊಬ್ಬ ಮಾತಾಡಲು ಯಾರೂ ಇಲ್ಲದೆ ವಾಲಿಬಾಲಿಗೆ ಇಟ್ಟ ಹೆಸರು ಅದು, ಹಾಲಿವುಡ್ ಚಿತ್ರವೊಂದರಲ್ಲಿ. ಕಾರ್ಯಕ್ರಮದ ಒಡಲಿನಲ್ಲಿರುವ ದುಃಖವನ್ನು ಅದನ್ನು ರೂಪಿಸಿದವರು ಆ ಕರಡಿಯ ಹೆಸರಿನಲ್ಲಿ ಬಚ್ಚಿಟ್ಟಿದ್ದಾರೆ ಎಂದು ನನಗೆ ಅನ್ನಿಸುತ್ತದೆ.

ಹಿತ್ತಿಲ ಬಾಗಿಲು ಅವರು ಗುಂಪಿನ ಕಂತುಗಳನ್ನು ಟೀಕಿಸಿದ್ದು ಪೂರ್ತಿ ತಪ್ಪಲ್ಲ. 2021ರ ಆಗಸ್ಟ್‌ನಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ವೆಬ್‌ಟೂನ್, ಅಂದರೆ ಅಂತರ್ಜಾಲದ ಚಿತ್ರಕಥೆ, ಬರೆಯುವ ಕಲಾವಿದ ಕಿಆನ್84 ಅವರ ಹತ್ತು ವರ್ಷದ ಚಿತ್ರಕಥಾ ಧಾರಾವಾಹಿ ಮುಗಿದ ಸಂಭ್ರಮಕ್ಕೆಂದು ಪ್ರವಾಸ ಏರ್ಪಡಿಸಿ, ಅವರು ಎಲ್ಲರೂ ಬರುತ್ತಾರೆಂದು ನಂಬಿ ಸಿದ್ಧತೆ ಮಾಡಿಕೊಂಡ ಮೇಲೆ, ಬಂದವರು ಇನ್ನೊಬ್ಬ ಸದಸ್ಯ ಜುನ್ ಹ್ಯುನ್‌ಮೂ ಒಬ್ಬರೇ. ಉಳಿದವರು ಬರುವುದಿಲ್ಲವೆಂಬುದು ಕಿಆನ್84 ಒಬ್ಬರಿಗೇ ಗೊತ್ತಿರಲಿಲ್ಲ. ಅದನ್ನು ತಮಾಷೆಯೆಂದು ಸಂಕಲಿಸಿದ್ದರು. ವೀಕ್ಷಕರಿಗೆ ಅದು ಒಬ್ಬನನ್ನು ಗುಂಪಿನಿಂದ ದೂರವಿಟ್ಟಂತೆ ಕಂಡಿತು, ನಿರ್ಮಾಣ ತಂಡ ಕ್ಷಮೆ ಕೇಳಿತು. ಆ ದೃಶ್ಯಗಳನ್ನು ನಾನು ವೃತ್ತಿಯ ಕಣ್ಣಿನಿಂದ ಎರಡು ಸಲ ನೋಡಿದೆ. ನಗುವಿನ ಸದ್ದನ್ನು ಮನಸ್ಸಿನಲ್ಲೇ ತೆಗೆದು ನೋಡಿದರೆ ಉಳಿಯುವುದು, ಬಾರದ ಅತಿಥಿಗಳಿಗಾಗಿ ಕಾಯುತ್ತಿರುವ ಒಬ್ಬ ಮನುಷ್ಯ ಮಾತ್ರ.

ಬಯಲುಸೀಮೆ ಬರೆದಿದ್ದಾರೆ:

ನನಗೆ ಒಂದು ಮೂಲಭೂತ ಆಕ್ಷೇಪವಿದೆ. ಇವರೆಲ್ಲ ಪ್ರಸಿದ್ಧರು, ಬಹುಪಾಲು ಜನ ಹಣವಂತರು, ವ್ಯವಸ್ಥಾಪಕರು, ಕಾರು, ಸಹಾಯಕರು ಇರುವವರು. ಸಿಯೋಲ್‌ನ ಹಾನ್ ನದಿ ಕಾಣುವ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇರುವುದಕ್ಕೂ, ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಒಬ್ಬರೇ ಇರುವುದಕ್ಕೂ ಏನು ಸಂಬಂಧ? ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಬಡವರ ಒಂಟಿತನವನ್ನು ಮರೆಮಾಚಿದಂತಾಗುವುದಿಲ್ಲವೇ? ಯುಕ್ ಜುಂಗ್‌ವಾನ್ ಅವರ ತಾರಸಿ ಕೋಣೆಯನ್ನು ನೀವು ಹೊಗಳಿದ್ದೀರಿ, ಆದರೆ ಇತ್ತೀಚಿನ ವರ್ಷಗಳಲ್ಲಿ ಅಂಥ ಮನೆ ಎಷ್ಟು ಸಲ ಬಂದಿದೆ?

ಹಿತ್ತಿಲ ಬಾಗಿಲು ಬರೆದಿದ್ದಾರೆ:

ಬಯಲುಸೀಮೆಯವರೇ, ನಿಮ್ಮ ಪ್ರಶ್ನೆಯ ಎರಡನೇ ಭಾಗವನ್ನು ನಾನು ಒಪ್ಪುತ್ತೇನೆ. ಅಂಥ ಮನೆಗಳು ಈಗ ಕಡಿಮೆ. ಮೊದಲ ವರ್ಷಗಳಲ್ಲಿ ಕಾಂಗ್‌ನಾಮ್ ಎಂಬ ಯುವ ಗಾಯಕ ಬಂದಾಗ ಅವರ ಬ್ಯಾಂಕ್ ಖಾತೆಯಲ್ಲಿ ಉಳಿದದ್ದು ಮೂರು ಸಾವಿರ ಚಿಲ್ಲರೆ ವಾನ್. ನಮ್ಮ ಲೆಕ್ಕದಲ್ಲಿ ಇನ್ನೂರು ರೂಪಾಯಿಯ ಆಸುಪಾಸು. ಹೆಸರಿಗೆ ಅವರೂ ಸೆಲೆಬ್ರಿಟಿಯೇ. ಕಲಾವಿದರ ಬದುಕು ಹೊರಗೆ ಕಂಡಂತೆ ಇರುವುದಿಲ್ಲ ಎಂಬುದನ್ನು ಆ ಕಾಲದ ಕಂತುಗಳು ಮುಚ್ಚುಮರೆಯಿಲ್ಲದೆ ತೋರಿಸಿದವು.

ಆದರೆ ಹಣ ಬಂದ ಮೇಲೆ ಬದುಕು ಒಂದೇ ಅಚ್ಚಿನದಾಗುತ್ತದೆ ಎಂಬುದನ್ನು ಒಪ್ಪಲಾರೆ, ಅದಕ್ಕೆ ಕಿಆನ್84 ಅವರೇ ಸಾಕ್ಷಿ. 2016ರಲ್ಲಿ ಮೊದಲ ಸಲ ಕಾಣಿಸಿಕೊಂಡಾಗ ಅವರು ವೆಬ್‌ಟೂನ್ ಪ್ರಕಟಿಸುವ ಕಂಪನಿಯ ಕಚೇರಿಯಲ್ಲೇ ಮಲಗಿ ಏಳುತ್ತಿದ್ದರು. ಸ್ವಂತ ಮನೆ, ಹೆಸರು, ಚಿತ್ರಕಲಾ ಪ್ರದರ್ಶನ ಎಲ್ಲ ಬಂದ ಮೇಲೂ ಅವರು ನೆಲದ ಮೇಲೆ ಕುಳಿತೇ ಉಣ್ಣುತ್ತಾರೆ, ಕತ್ತರಿ ಹಿಡಿದು ತಮ್ಮ ಕೂದಲನ್ನು ತಾವೇ ಕತ್ತರಿಸಿಕೊಳ್ಳುತ್ತಾರೆ. 2023ರ ಅಕ್ಟೋಬರಿನಲ್ಲಿ ಅವರು ಚೊಂಗ್‌ಜುವಿನಲ್ಲಿ ಪೂರ್ಣ ಮ್ಯಾರಥಾನ್ ಓಡಿದ ಕಂತನ್ನು ನಾನು ಮೂರು ಸಲ ನೋಡಿದ್ದೇನೆ. ತಿಂಗಳುಗಟ್ಟಲೆ ಒಬ್ಬರೇ ಅಭ್ಯಾಸ ಮಾಡಿ, ನಡುದಾರಿಯಲ್ಲಿ ಕಾಲು ಸೋತು ನೆಲಕ್ಕೆ ಬಿದ್ದು, ಮತ್ತೆ ಎದ್ದು, 4 ಗಂಟೆ 47 ನಿಮಿಷಕ್ಕೆ ಗುರಿ ಮುಟ್ಟಿದರು. ವೃತ್ತಿಪರ ಓಟಗಾರರ ಲೆಕ್ಕದಲ್ಲಿ ಅದು ಯಾವ ಸಾಧನೆಯೂ ಅಲ್ಲ. ಆದರೆ ಅಲ್ಲಿ ಗೆಲ್ಲಬೇಕಾದ ಎದುರಾಳಿ ಯಾರೂ ಇರಲಿಲ್ಲ, ಮನೆಯಲ್ಲಿ ಕಾಯುವವರೂ ಇರಲಿಲ್ಲ. ತನಗೆ ತಾನು ಕೊಟ್ಟ ಮಾತನ್ನು ಉಳಿಸಿಕೊಳ್ಳುವುದಷ್ಟೇ ಇತ್ತು. ಒಬ್ಬರೇ ಇರುವವರಿಗೆ ಅದು ಎಷ್ಟು ಕಷ್ಟವೆಂದು ಗೊತ್ತಿರುತ್ತದೆ, ಏಕೆಂದರೆ ಮಾತು ತಪ್ಪಿದರೆ ಕೇಳುವವರು ಯಾರೂ ಇರುವುದಿಲ್ಲ.

ಒಗ್ಗರಣೆ ಬರೆದಿದ್ದಾರೆ:

ಇಷ್ಟು ಹೊತ್ತಾದರೂ ಯಾರೂ ಹ್ವಾಸಾ ಅವರ ಗೊಪ್‌ಚಾಂಗ್ ಊಟದ ಮಾತೆತ್ತಿಲ್ಲವೆಂದು ಆಶ್ಚರ್ಯವಾಗುತ್ತಿದೆ.

2018ರ ಜೂನ್. ಮಾಮಾಮೂ ತಂಡದ ಗಾಯಕಿ ಹ್ವಾಸಾ, ಅಲಂಕಾರವಿಲ್ಲದ ಮುಖದಲ್ಲಿ, ಮನೆಯಲ್ಲಿ ಹಾಕಿಕೊಳ್ಳುವಂಥ ಬಟ್ಟೆಯಲ್ಲಿ ಹೊರಟು, ಹೋಟೆಲೊಂದರ ಹೊರಗಿನ ಮೇಜಿನಲ್ಲಿ ಒಬ್ಬರೇ ಕುಳಿತು ಗೊಪ್‌ಚಾಂಗ್ ತಿನ್ನುತ್ತಾರೆ. ಗೊಪ್‌ಚಾಂಗ್ ಎಂದರೆ ದನದ ಸಣ್ಣ ಕರುಳು. ನಮ್ಮಲ್ಲಿ ಕುರಿ ಮೇಕೆಯ ಬೋಟಿ ತಿನ್ನುವವರಿಗೆ ಅದರ ರುಚಿಯ ಅಂದಾಜು ಸಿಗುತ್ತದೆ. ಕಾದ ಕಾವಲಿಯ ಮೇಲೆ ಅದು ಚುರುಗುಟ್ಟುತ್ತ ಕೊಬ್ಬು ಬಿಡುವುದು, ಒಂದೊಂದೇ ತುಂಡನ್ನು ಅವರು ಎತ್ತಿ, ಅದ್ದಿ, ಕಣ್ಣು ಮುಚ್ಚಿ ಅಗಿಯುವುದು, ಇಷ್ಟೇ ದೃಶ್ಯ. ಮಾತಿಲ್ಲ, ಫೋನ್ ನೋಡುವ ಅವಸರವಿಲ್ಲ, ಅಕ್ಕಪಕ್ಕದವರ ಕಡೆ ಗಮನವಿಲ್ಲ. ಆ ಕಂತಾದ ಮೇಲೆ ದೇಶದಾದ್ಯಂತ ಗೊಪ್‌ಚಾಂಗ್ ಹೋಟೆಲುಗಳಲ್ಲಿ ಸರಕೇ ಸಿಗದಂತಾಯಿತೆಂದು ಪತ್ರಿಕೆಗಳು ಬರೆದವು.

ಇದನ್ನು ಬರಿಯ ತಿಂಡಿಪೋತತನವೆಂದು ನೋಡಬಾರದು. ಕೊರಿಯಾದ ಸುಟ್ಟ ಮಾಂಸದ ಹೋಟೆಲುಗಳು ನಾಲ್ಕು ಜನ ಕೂಡಿ ಕುಳಿತುಕೊಳ್ಳುವುದಕ್ಕೆಂದೇ ಇರುವಂಥವು. ಎಷ್ಟೋ ಕಡೆ ಕನಿಷ್ಠ ಎರಡು ಜನರ ಪ್ರಮಾಣ ಹೇಳಲೇಬೇಕು. ಒಬ್ಬರೇ ಉಣ್ಣುವುದಕ್ಕೆ ಅಲ್ಲಿ ‘ಹೋನ್‌ಬಾಪ್’ ಎಂಬ ಹೊಸ ಪದವೇ ಹುಟ್ಟಿದೆ: ಹೋಂಜಾದ ‘ಹೋನ್’, ಅನ್ನಕ್ಕೆ ‘ಬಾಪ್’. ಒಬ್ಬರೇ ಕುಡಿಯುವುದು ‘ಹೋನ್‌ಸುಲ್’. ಹೆಸರು ಬಿದ್ದ ಮೇಲೆ ಅದಕ್ಕೊಂದು ಮಾನ ಬಂತು.

ನಾನು ದಾವಣಗೆರೆಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬಳೇ ಹೋಟೆಲಿಗೆ ಹೋದರೆ ‘ಫ್ಯಾಮಿಲಿ ರೂಮಿಗೆ ಹೋಗಿ ಮೇಡಂ’ ಎಂದು ಒಳಗೆ ಕಳಿಸುತ್ತಿದ್ದರು. ಅಲ್ಲಿ ಆರು ಜನರ ಮೇಜಿಗೆ ನಾನೊಬ್ಬಳೇ. ದೋಸೆ ಬರುವವರೆಗೆ ಚೀಲದಲ್ಲಿ ಏನನ್ನೋ ಹುಡುಕುತ್ತಿರುವವಳಂತೆ ಇರುತ್ತಿದ್ದೆ. ಹ್ವಾಸಾ ಅವರ ಆ ಕಂತನ್ನು ನೋಡಿದ ಮರುವಾರ ನಾನು ಹೊರಗಿನ ಮೇಜಿನಲ್ಲಿ ಕುಳಿತು, ಎರಡು ಬೆಣ್ಣೆ ದೋಸೆ ತರಿಸಿಕೊಂಡು, ಬಿಸಿಯಿರುವಾಗಲೇ, ಯಾವ ಗಡಿಬಿಡಿಯೂ ಇಲ್ಲದೆ ತಿಂದೆ.

ಹಾನ್ ನದಿ ದಡ ಬರೆದಿದ್ದಾರೆ:

ನಾನು ಐದು ವರ್ಷಗಳಿಂದ ಕೊರಿಯಾದ ಸುವಾನ್ ನಗರದಲ್ಲಿ ಕೆಲಸ ಮಾಡುತ್ತ ಒಂದೇ ಕೋಣೆಯ ಮನೆಯಲ್ಲಿದ್ದೇನೆ. ಇಲ್ಲಿಂದ ಕಾಣುವ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ.

ಸಹೋದ್ಯೋಗಿಗಳು ಇದನ್ನು ‘ನಾ-ಹೋನ್-ಸಾನ್’ ಎಂದು ಮೊಟಕುಗೊಳಿಸಿ ಹೇಳುತ್ತಾರೆ. ಕಾರ್ಯಕ್ರಮದಲ್ಲಿ ಇರುವವರದ್ದು ‘ಕಾಮನಬಿಲ್ಲು’ ಎಂಬ ಸಂಘವಿದ್ದಂತೆ; ಅವರು ಒಬ್ಬರನ್ನೊಬ್ಬರು ‘ಹ್ವೇವೊನ್‌ನಿಮ್’, ಅಂದರೆ ಸದಸ್ಯರೇ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಅಪರಿಚಿತರನ್ನೂ ಅಣ್ಣ, ಅಕ್ಕ ಎನ್ನುವಂತೆ ಇಲ್ಲಿಯೂ ವಯಸ್ಸು ಕೇಳಿಕೊಂಡು ಹ್ಯೊಂಗ್, ನೂನಾ ಎಂದು ಬಾಂಧವ್ಯ ಕಟ್ಟಿಕೊಳ್ಳುವುದೇ ರೂಢಿ. ಅಂಥ ಭಾಷೆಯಲ್ಲಿ ‘ಸದಸ್ಯರೇ’ ಎಂದು ಕರೆಯುವುದರಲ್ಲಿ ಒಂದು ಸೂಕ್ಷ್ಮವಿದೆ: ನೀನು ನನ್ನ ಮನೆಯವನಲ್ಲ, ಆದರೂ ನಮ್ಮಿಬ್ಬರ ಸ್ಥಿತಿ ಒಂದೇ ಎಂಬುದನ್ನು ಆ ಮಾತು ಹೇಳುತ್ತದೆ. ಮದುವೆಯಾಗಲು ಹೊರಟವರು ಸಂಘವನ್ನು ಬಿಟ್ಟು ಹೋಗುತ್ತಾರೆ. ಮೇಲೆ ಹೇಳಿದ ಯುಕ್ ಜುಂಗ್‌ವಾನ್ ಹೋದದ್ದೂ ಹಾಗೆಯೇ.

ಈ ಕಾರ್ಯಕ್ರಮ ಇಷ್ಟು ವರ್ಷ ಬಾಳಿದ್ದಕ್ಕೆ ಕಾರಣ ಅದರ ವಿನೋದವೊಂದೇ ಅಲ್ಲ. 1980ರಲ್ಲಿ ಕೊರಿಯಾದ ಒಟ್ಟು ಕುಟುಂಬಗಳಲ್ಲಿ ಒಬ್ಬರೇ ಇರುವ ಮನೆಗಳು ನೂರಕ್ಕೆ ಐದೂ ಇರಲಿಲ್ಲ. 2000ದಲ್ಲಿ 15.5 ಆಯಿತು. 2023ರಲ್ಲಿ 35.5, ಸುಮಾರು 78 ಲಕ್ಷ ಮನೆಗಳು. ಕಾರ್ಯಕ್ರಮ ಹುಟ್ಟಿದ ಕಾಲಕ್ಕೆ ವಿಶೇಷವೆನ್ನಿಸಿದ್ದ ಸಂಗತಿ ಹತ್ತೇ ವರ್ಷದಲ್ಲಿ ಮೂರು ಮನೆಗೊಂದು ಮನೆಯ ಸಂಗತಿಯಾಗಿದೆ. ನನ್ನ ಮನೆಯ ಕೆಳಗಿನ ಅಂಗಡಿಯಲ್ಲಿ ಕಾಲು ಭಾಗ ಕಲ್ಲಂಗಡಿ, ಒಂದೇ ಒಂದು ಬಾಳೆಹಣ್ಣು ಬೇರೆ ಬೇರೆಯಾಗಿ ಕಟ್ಟಿ ಮಾರುತ್ತಾರೆ.

ಇದೇ ಕಾರಣಕ್ಕೆ ಕಾರ್ಯಕ್ರಮ ರಾಜಕೀಯದ ಬಾಯಿಗೂ ಸಿಕ್ಕಿತು. 2022ರಲ್ಲಿ, ಜನಸಂಖ್ಯೆಯ ಕುಸಿತವನ್ನು ತಡೆಯಲೆಂದು ರಚಿಸಿದ ಅಧ್ಯಕ್ಷೀಯ ಸಮಿತಿಯ ಉಪಾಧ್ಯಕ್ಷೆಯಾಗಿದ್ದ ನಾ ಕ್ಯೊಂಗ್‌ವಾನ್ ಅವರು, ಇಂಥ ಕಾರ್ಯಕ್ರಮಗಳಿಂದ ಒಬ್ಬರೇ ಇರುವುದೇ ಹೆಚ್ಚು ಸುಖವೆಂಬ ಭಾವನೆ ಬೆಳೆಯುತ್ತಿದೆ ಎಂಬರ್ಥದ ಮಾತಾಡಿದರು. ಆ ವರ್ಷ ಕೊರಿಯಾದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ ಮಕ್ಕಳ ಸಂಖ್ಯೆ 0.78, ಮರುವರ್ಷ 0.72. ಕಳವಳ ನಿಜವಾದದ್ದೇ. ಆದರೆ ನನ್ನ ಕಚೇರಿಯ ಮೂವತ್ತರ ಹರೆಯದವರು ಮದುವೆಯ ಮಾತು ಬಂದಾಗ ಹೇಳುವುದು ಜ್ಯೋನ್ಸೆ ಹಣದ ಬಗ್ಗೆ, ಮಕ್ಕಳ ಟ್ಯೂಷನ್ ವೆಚ್ಚದ ಬಗ್ಗೆ, ರಾತ್ರಿ ಒಂಬತ್ತಕ್ಕೆ ಮುಗಿಯುವ ಕೆಲಸದ ಬಗ್ಗೆ. ಟಿವಿಯಲ್ಲಿ ಯಾರೋ ಬಾಲ್ಕನಿಯಲ್ಲಿ ತರಕಾರಿ ಬೆಳೆದದ್ದನ್ನು ನೋಡಿ ಮದುವೆ ಬೇಡವೆಂದವರನ್ನು ನಾನು ಇಲ್ಲಿಯವರೆಗೆ ಕಂಡಿಲ್ಲ.

ಎದುರು ವಾಹಿನಿ ಎಸ್‌ಬಿಎಸ್ 2016ರಿಂದ ಇದಕ್ಕೊಂದು ಉತ್ತರವೆಂಬಂತೆ ಬೇರೆ ಕಾರ್ಯಕ್ರಮ ನಡೆಸುತ್ತಿದೆ. ಅಲ್ಲಿಯೂ ಮದುವೆಯಾಗದ ಗಂಡಸರ ಮನೆಯನ್ನೇ ತೋರಿಸುತ್ತಾರೆ, ಆದರೆ ಸ್ಟುಡಿಯೋದಲ್ಲಿ ಕುಳಿತು ನೋಡುವವರು ಅವರ ತಾಯಂದಿರು. ಒಂದೇ ಕೊಳಕು ಅಡುಗೆಮನೆ ಸ್ನೇಹಿತರ ಕಣ್ಣಿಗೆ ನಗುವಾಗುತ್ತದೆ, ತಾಯಿಯ ಕಣ್ಣಿಗೆ ನಿಟ್ಟುಸಿರಾಗುತ್ತದೆ. ನನ್ನ ಅಮ್ಮ ಹಾಸನದಿಂದ ವಿಡಿಯೋ ಕರೆ ಮಾಡಿದಾಗ ನಾನು ಫೋನನ್ನು ಯಾವ ಗೋಡೆಯ ಕಡೆ ತಿರುಗಿಸಿ ಹಿಡಿಯುತ್ತೇನೆ ಎಂಬುದು ನನಗೆ ಗೊತ್ತು.

ಸಾಧನಕೇರಿ ಬರೆದಿದ್ದಾರೆ:

ನಾನು ಧಾರವಾಡದಲ್ಲಿರುವ ನಿವೃತ್ತ ಶಿಕ್ಷಕ, ವಯಸ್ಸು ಎಪ್ಪತ್ತೊಂದು. ಕೊರಿಯಾದ ಕಾರ್ಯಕ್ರಮಗಳನ್ನು ನಾನು ನೋಡಿದವನಲ್ಲ. ಮೊಮ್ಮಗಳು ಈ ಚರ್ಚೆಯನ್ನು ತೋರಿಸಿದ್ದರಿಂದ ಪೂರ್ತಿ ಓದಿದೆ. ನನ್ನ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತು. ಮಗಳು ಹುಬ್ಬಳ್ಳಿಯಲ್ಲಿದ್ದಾಳೆ, ಬಾ ಎಂದು ಕರೆಯುತ್ತಾಳೆ, ನಾನೇ ಹೋಗಿಲ್ಲ. ಈ ಮನೆಯಲ್ಲಿ ನನ್ನ ಪುಸ್ತಕಗಳಿವೆ, ಅಂಗಳದಲ್ಲಿ ಅವಳು ಹಚ್ಚಿದ ಮಲ್ಲಿಗೆ ಇದೆ.

ಹಿತ್ತಿಲ ಬಾಗಿಲು ಅವರೇ, ತಂಗಿ, ನೀವು ಒಬ್ಬನೇ, ಒಬ್ಬಳೇ ಎಂಬ ಮಾತಿನಿಂದ ಆರಂಭಿಸಿದ್ದು ನನಗೆ ಬಹಳ ಹಿಡಿಸಿತು. ಆದರೆ ನಿಮ್ಮೆಲ್ಲರ ಬರಹದಲ್ಲಿಯೂ ಮೂವತ್ತು ನಲವತ್ತರ ಜನರೇ ಇದ್ದಾರೆ. ಮುಪ್ಪಿನಲ್ಲಿ ಒಬ್ಬರೇ ಇರುವವರನ್ನು ಆ ಕಾರ್ಯಕ್ರಮ ತೋರಿಸುತ್ತದೆಯೇ? ಅವರು ಏನು ಅಡುಗೆ ಮಾಡಿಕೊಳ್ಳುತ್ತಾರೆ? ಇದನ್ನು ಕೇಳಲು ಕಾರಣವಿದೆ. ಒಬ್ಬನಿಗೆ ಸಾರು ಮಾಡುವುದು ಕಠಿಣ; ಒಬ್ಬನಿಗೆ ಅನ್ನ ಮಾಡುವುದು ಅದಕ್ಕಿಂತ ಕಠಿಣ. ದಿನಾಲೂ ನನ್ನ ಅನ್ನ ಉಳಿಯುತ್ತದೆ, ಮರುದಿನ ಬೆಳಿಗ್ಗೆ ಅದಕ್ಕೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿಕೊಳ್ಳುತ್ತೇನೆ. ವಾರದಲ್ಲಿ ಐದು ದಿನ ಚಿತ್ರಾನ್ನ.

ಹಾನ್ ನದಿ ದಡ ಬರೆದಿದ್ದಾರೆ:

ಸರ್, ನಿಮ್ಮ ಪ್ರಶ್ನೆಯೇ ಈ ಕಾರ್ಯಕ್ರಮದ ದೊಡ್ಡ ಕೊರತೆಯನ್ನು ತೋರಿಸುತ್ತದೆ. ಅಪರೂಪಕ್ಕೆ ಹಿರಿಯ ಕಲಾವಿದರು ಬರುತ್ತಾರೆ, ಆದರೆ ಕಾಯಂ ಸದಸ್ಯರ ಕುರ್ಚಿಗಳೆಲ್ಲ ಬಹುಪಾಲು ನಡುವಯಸ್ಸಿನೊಳಗಿನವರವು. ವಾಸ್ತವದಲ್ಲಿ 2023ರ ಅಂಕಿಅಂಶಗಳ ಪ್ರಕಾರ ಕೊರಿಯಾದಲ್ಲಿ ಒಬ್ಬರೇ ಇರುವವರಲ್ಲಿ ಎಲ್ಲಕ್ಕಿಂತ ದೊಡ್ಡ ಗುಂಪು ಎಪ್ಪತ್ತು ದಾಟಿದವರದು, ನೂರಕ್ಕೆ 19.1. ಇಪ್ಪತ್ತರ ಹರೆಯದವರನ್ನು ಅವರು ಹಿಂದೆ ಹಾಕಿದ್ದಾರೆ.

ಇಲ್ಲಿ ‘ಗೊದೋಕ್ಸಾ’ ಎಂಬ ಪದವೂ ಇದೆ. ಯಾರೂ ಪಕ್ಕದಲ್ಲಿಲ್ಲದೆ ಒಬ್ಬರೇ ಸಾಯುವುದು, ಎಷ್ಟೋ ದಿನಗಳ ಮೇಲೆ ಪತ್ತೆಯಾಗುವುದು. ಅದನ್ನು ತಡೆಯಲೆಂದೇ 2021ರಲ್ಲಿ ಕಾನೂನು ಜಾರಿಗೆ ಬಂತು. 2023ರಲ್ಲಿ ಅಂಥ ಸಾವುಗಳ ಸರ್ಕಾರಿ ಲೆಕ್ಕ 3,661, ಅದರಲ್ಲಿ ಐವತ್ತು ಅರವತ್ತರ ವಯೋಮಾನದ ಗಂಡಸರೇ ಅತಿ ಹೆಚ್ಚು. ಶುಕ್ರವಾರ ರಾತ್ರಿಯ ಕಾರ್ಯಕ್ರಮಕ್ಕೆ ಈ ಭಾರವನ್ನು ಹೊರಿಸಬೇಕೆಂದು ನಾನು ಹೇಳುವುದಿಲ್ಲ. ಆದರೆ ಬಯಲುಸೀಮೆಯವರು ಎತ್ತಿದ ಆಕ್ಷೇಪಕ್ಕೆ ಹಣಕ್ಕಿಂತ ವಯಸ್ಸಿನ ಕಡೆಯಿಂದ ಹೆಚ್ಚು ಬಲವಿದೆ ಎಂದು ನನಗೆ ತೋರುತ್ತದೆ.

ಅನ್ನದ ವಿಷಯಕ್ಕೆ ಇಲ್ಲಿಯವರು ಕಂಡುಕೊಂಡ ದಾರಿ ‘ಹೆಟ್‌ಬಾನ್’. ಬೇಯಿಸಿದ ಅನ್ನವನ್ನೇ ಬಟ್ಟಲಿನಲ್ಲಿ ಮುಚ್ಚಿ ಮಾರುತ್ತಾರೆ, 1996ರಿಂದ ಇದೆ. ಮೈಕ್ರೋವೇವ್‌ನಲ್ಲಿ ಎರಡು ನಿಮಿಷ ಇಟ್ಟರೆ ಬಿಸಿ ಅನ್ನ ಸಿದ್ಧ. ಕಾರ್ಯಕ್ರಮದಲ್ಲಿ ಯಾರ ಅಡುಗೆಮನೆ ತೆರೆದರೂ ಅಂಥ ಬಟ್ಟಲುಗಳು ಒಂದರ ಮೇಲೊಂದು ಕುಳಿತಿರುತ್ತವೆ. ಸಾಮಾನ್ಯ ಬಟ್ಟಲಿನಲ್ಲಿ 210 ಗ್ರಾಂ ಅನ್ನ ಇರುತ್ತದೆ.

ಹಿತ್ತಿಲ ಬಾಗಿಲು ಬರೆದಿದ್ದಾರೆ:

ಸರ್, ನೀವು ಬರೆದದ್ದಕ್ಕೆ ತುಂಬ ಕೃತಜ್ಞತೆಗಳು. ಚರ್ಚೆ ಆರಂಭಿಸುವಾಗ ನನ್ನ ಮನಸ್ಸಿನಲ್ಲಿಯೂ ನನ್ನ ವಯಸ್ಸಿನವರೇ ಇದ್ದರೆಂಬುದು ಈಗ ತಿಳಿಯುತ್ತಿದೆ. ನೋಡಬೇಕೆನ್ನಿಸಿದರೆ ಮೊಮ್ಮಗಳ ಜೊತೆ ಕುಳಿತು ಮಾಂಗ್‌ವಾನ್ ತಾರಸಿ ಕೋಣೆಯ ಕಂತುಗಳಿಂದ ಆರಂಭಿಸಿ. ಸಂತೆಯ ದೃಶ್ಯಗಳಿಗೆ ಭಾಷೆಯ ಅಗತ್ಯ ಹೆಚ್ಚಾಗಿ ಬೀಳುವುದಿಲ್ಲ. ಗುಂಪಿನ ಪ್ರವಾಸದ ಕಂತುಗಳನ್ನು ಸದ್ಯಕ್ಕೆ ಬಿಡಬಹುದು.

ಸಾಧನಕೇರಿ ಬರೆದಿದ್ದಾರೆ:

ತಂಗಿ, ಎರಡು ಕಂತು ನೋಡಿದೆವು. ಆ ಗಾಯಕ ಸಂತೆಯಲ್ಲಿ ನಡೆಯುತ್ತಲೇ ತಿನ್ನುವುದನ್ನು ಕಂಡು ಮೊಮ್ಮಗಳು ಬಹಳ ನಕ್ಕಳು.

ಸುವಾನ್‌ನಲ್ಲಿರುವ ತಮ್ಮ 210 ಗ್ರಾಂ ಎಂದು ಬರೆದದ್ದು ತಲೆಯಲ್ಲಿ ಉಳಿದಿತ್ತು. ಈ ದಿನ ಅನ್ನ ಬಸಿದ ಮೇಲೆ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿದೆ. 400 ಗ್ರಾಂ ದಾಟಿತ್ತು. ಅಕ್ಕಿ ಅಳೆಯುವ ಹಿತ್ತಾಳೆಯ ಲೋಟ ಹಳೆಯದೇ ಇದೆ, ಅದರ ತುಂಬ ಹಾಕಿ ರೂಢಿ.